ಕಂಡುಬಂದಿಲ್ಲ

ನನ್ನ ತಮ್ಮನ ಮೆದುಳಿನಲ್ಲಿರುವ ಗಡ್ಡೆ ‘ಕಡಿಮೆ ದರ್ಜೆಯದು’ ಎಂದು ಆಸ್ಪತ್ರೆಯವರು ಹೇಳಿದ್ದೇ ತಡ, ನೆಂಟರೆಲ್ಲ ಹಗುರಾಗಿಬಿಟ್ಟರು. “ಕಡಿಮೆ ದರ್ಜೆ ಅಲ್ವಾ, ಹಾಗಾದ್ರೆ ಏನೂ ಇಲ್ಲ ಬಿಡು,” ಎಂದು ಚಿಕ್ಕಮ್ಮ ಫೋನಿನಲ್ಲೇ ಅವನನ್ನು ಗುಣಮಾಡಿ ಮುಗಿಸಿದಳು. ಮರುದಿನ ಅದೇ ಚಿಕ್ಕಮ್ಮ ತಮ್ಮನ ಹೆಂಡತಿಗೆ ಫೋನ್ ಮಾಡಿ, “ನಿಮ್ಮ ಕಡೆ ಯಾರಿಗಾದ್ರೂ ಇತ್ತೇನಮ್ಮ? ನಮ್ಮ ವಂಶದಲ್ಲಂತೂ ಇಲ್ಲ,” ಎಂದು ವಿಚಾರಿಸಿದಳಂತೆ. ಗಂಡನ ತಲೆಯ ಗಡ್ಡೆ ಹೆಂಡತಿಯ ತವರಿನಿಂದ ಹೇಗೆ ಬರುತ್ತದೆ ಎಂದು ಅವಳು ಕೇಳಲಿಲ್ಲ. ಅವಳಿಗೆ ತಾಳ್ಮೆಯಿದೆ. ನನಗಿಲ್ಲ. ನಾನೇ ಫೋನ್ ಹಚ್ಚಿ ಚಿಕ್ಕಮ್ಮನಿಗೆ ಬಾಯಿಗೆ ಬಂದಂತೆ ಬಯ್ದೆ.

ವಂಶಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಯಾವತ್ತೋ ಒಂದು ದಿನ ಅವನ ಮೆದುಳಿನ ಒಂದೇ ಒಂದು ಜೀವಕೋಶ ತನ್ನೊಳಗಿನ ಬರಹವನ್ನು ನಕಲು ಮಾಡಿಕೊಳ್ಳುವಾಗ ಒಂದಕ್ಷರ ತಪ್ಪಿತು. ಆ ತಪ್ಪು ಅವನ ರಕ್ತದಲ್ಲಿಲ್ಲ, ಮಗಳಿಗೆ ಹೋಗುವುದಿಲ್ಲ, ಆ ಗಡ್ಡೆಯಲ್ಲಿ ಮಾತ್ರ ಇದೆ. ಇನ್ನು ಕಡಿಮೆ ದರ್ಜೆ ಎಂದರೆ ನಿಧಾನವಾಗಿ ಬೆಳೆಯುತ್ತದೆ ಎಂದಷ್ಟೇ, ಸಾಧು ಪ್ರಾಣಿ ಎಂದು ಯಾರೂ ತಿಳಿಯಬಾರದು. ಅದಕ್ಕೆ ಅಂಚು ಎಂಬುದೇ ಇರುವುದಿಲ್ಲ. ಬಟ್ಟೆಯ ಮೇಲೆ ಬಿದ್ದ ಎಣ್ಣೆಯ ಹಾಗೆ ಒಳ್ಳೆಯ ಮೆದುಳಿನೊಳಕ್ಕೆ ಹರಡಿಕೊಂಡು ಹೋಗುತ್ತದೆ. ಆಪರೇಷನ್ ಮಾಡುವವರು ಕಂಡಷ್ಟನ್ನು ತೆಗೆದರೂ ಕಾಣದಷ್ಟು ಒಳಗೇ ಉಳಿಯುತ್ತದೆ. ಇದನ್ನೆಲ್ಲ ಚಿಕ್ಕಮ್ಮನಿಗೆ ಕಿರುಚಿ ಹೇಳಿದೆ. ಹೇಳಲೇಬೇಕಾದ ಇನ್ನೊಬ್ಬರಿಗೆ ಹೇಳಬೇಕಾದ ದಿನ ನನ್ನ ನಾಲಿಗೆ ಹೊರಳಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇಪ್ಪತ್ತೆರಡು ವರ್ಷದಿಂದ ನಾನು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ. ಆಪರೇಷನ್ ಕೋಣೆಯಿಂದ ಡಬ್ಬಿಯಲ್ಲಿ ಬರುವ ಮಾಂಸದ ಚೂರನ್ನು ಮೇಣದಲ್ಲಿ ಕೂರಿಸಿ ಬಿಲ್ಲೆ ಮಾಡಿ, ಆ ಬಿಲ್ಲೆಯನ್ನು ಕೂದಲಿಗಿಂತ ತೆಳ್ಳಗೆ ಹೆರೆದು, ಹೆರೆದ ಪದರವನ್ನು ಗಾಜಿನ ಮೇಲೆ ಹತ್ತಿಸುವುದು ನನ್ನ ಕೆಲಸ. ಆ ಬಿಲ್ಲೆಗೆ ಬ್ಲಾಕ್ ಎನ್ನುತ್ತೇವೆ. ಬ್ಲಾಕಿನ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ತಮ್ಮ ಬಡಗಿ, ಬಾಗಿಲು ಮಾಡುವುದರಲ್ಲಿ ಹೆಸರಾದವನು. ಅವನು ಮರ ಹೆರೆಯುತ್ತಾನೆ, ನಾನು ಮಾಂಸ ಹೆರೆಯುತ್ತೇನೆ. ಇಬ್ಬರಿಗೂ ಕೈ ಚೆನ್ನಾಗಿದೆ, ಬಾಯಿ ಮಾತ್ರ ನನ್ನೊಬ್ಬಳ ಪಾಲಿಗೆ ಬಂದಿದೆ. ಲ್ಯಾಬಿನಲ್ಲಿ ನನಗೆ ‘ಪಟಾಕಿ ಅಕ್ಕ’ ಎಂಬ ಹೆಸರಿತ್ತು. ಎದುರಿಗೇ ಕರೆಯುತ್ತಿದ್ದರು, ನನಗೂ ಅದರಲ್ಲಿ ಒಳಗೊಳಗೇ ಜಂಬವಿತ್ತು.

ಒಂದು ಬೆಳಿಗ್ಗೆ ಬಾಗಿಲಿನ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದಾಗ ತಮ್ಮನ ಬಲಗೈ ತನ್ನಷ್ಟಕ್ಕೆ ಕುಣಿಯತೊಡಗಿತು. ಅವನು ಬಿದ್ದ. ಸ್ಕ್ಯಾನ್ ಆಯಿತು, ಗಡ್ಡೆ ಸಿಕ್ಕಿತು, ಒಂದು ಬುಧವಾರ ಆಪರೇಷನ್ ಆಯಿತು. ಆಮೇಲೆ ಎರಡು ದಿನ ಅವನಿಗೆ ಮಾತೇ ಬರಲಿಲ್ಲ. ನಾನು ರಜೆ ಹಾಕದೆ ಕೆಲಸಕ್ಕೆ ಬಂದೆ, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತಿತ್ತು. ಶುಕ್ರವಾರ ಮಧ್ಯಾಹ್ನ ಲ್ಯಾಬಿಗೆ ಫೋನ್ ಬಂತು. “ಅತ್ತಿಗೆ, ಮಾತಾಡಿದ್ರು. ನಿಮ್ಮನ್ನ ಕೇಳ್ತಿದ್ದಾರೆ,” ಎಂದಳು ತಮ್ಮನ ಹೆಂಡತಿ. ಕೈಗವಸು ಕಿತ್ತೆಸೆದು ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಓಡಿದೆ. ಅವನು ನನ್ನನ್ನು ನೋಡಿ, ಒಂದೊಂದೇ ಪದ ಹುಡುಕಿಕೊಂಡು, “ಅಕ್ಕ, ನನ್ನ ಚಪ್ಪಲಿ ಎಲ್ಲಿ?” ಎಂದ. ನಾನು ಅತ್ತುಬಿಟ್ಟೆ. ಅವತ್ತು ಮತ್ತೆ ಲ್ಯಾಬಿಗೆ ಇಳಿಯಲಿಲ್ಲ, ಅಲ್ಲಿಂದಲೇ ಮನೆಗೆ ಹೋದೆ.

ಮುಂದಿನದು ಕರೆಂಟ್. ರೇಡಿಯೇಷನ್ನಿಗೆ ಜನ ಹಾಗೇ ಹೇಳುವುದು. ಅದರ ಡಾಕ್ಟರಮ್ಮ ಒಳ್ಳೆಯವರು, ಅವಸರವಿಲ್ಲದೆ ಕೂರಿಸಿಕೊಂಡು ವಿವರಿಸಿದರು. ಗಡ್ಡೆಯ ಜೀವಕೋಶದಲ್ಲಿ ಎರಡು ವರ್ಣತಂತುಗಳ ಒಂದೊಂದು ತೋಳು ಕಳೆದುಹೋಗಿದೆಯೇ ಎಂದು ಜೀನ್ ಪರೀಕ್ಷೆ ಮಾಡುತ್ತಾರೆ. ಎರಡೂ ತೋಳು ಹೋಗಿದ್ದರೆ ಅದು ಔಷಧಿಗೆ ಬಗ್ಗುವ ಜಾತಿ. “ಆಗ ನಾವು ಕರೆಂಟನ್ನ ಈಗ ಮುಟ್ಟೋದೇ ಬೇಡ,” ಎಂದರು ಅವರು. “ಸ್ಕ್ಯಾನ್ ಮಾಡ್ತಾ ಕಾಯೋಣ. ಐದು ವರ್ಷ ಆಗಬಹುದು, ಹತ್ತೂ ಆಗಬಹುದು. ತೋಳು ಹೋಗಿಲ್ಲ ಅಂದ್ರೆ ಅದು ಬೇರೆ ಜಾತಿ, ಕಾಯೋ ಹಾಗಿಲ್ಲ, ತಕ್ಷಣ ಶುರು ಮಾಡಬೇಕು. ಮಾತಿನ ಜಾಗದ ಪಕ್ಕದಲ್ಲೇ ಇದೆ. ಮುಂದೆ ವರ್ಷಗಳು ಕಳೆದ ಮೇಲೆ ಮಾತಿಗೆ, ನೆನಪಿಗೆ, ಬಲಗೈಗೆ ಪೆಟ್ಟಾಗಬಹುದು. ಅದನ್ನ ನಾನು ಮುಚ್ಚಿಡಲ್ಲ.” ಕಳೆದುಕೊಂಡವನಿಗೇ ಲಾಭ, ಇಂಥ ವಿಚಿತ್ರ ಲೆಕ್ಕ ನಾನು ಬೇರೆಲ್ಲೂ ನೋಡಿಲ್ಲ. ತಮ್ಮ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ.

ವರದಿ ಬರುವಷ್ಟರಲ್ಲಿ ಮುಖವಾಡ ಮಾಡಿಸಿ ಇಟ್ಟುಕೊಳ್ಳೋಣ ಎಂದರು. ಕರೆಂಟ್ ಕೊಡುವಾಗ ತಲೆ ಅಲುಗಾಡದಂತೆ ಮುಖದ ಅಚ್ಚಿಗೇ ಮಾಡುವ ಪ್ಲಾಸ್ಟಿಕ್ ಬಲೆ ಅದು. ಅದಕ್ಕಾಗಿ ನೆಲಮಾಳಿಗೆಯ ಉದ್ದನೆಯ ಬೆಂಚಿನಲ್ಲಿ ಕಾಯುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದವರು ಒಬ್ಬ ಬಸ್ ಕಂಡಕ್ಟರ್, ನಲವತ್ತು ದಾಟಿದ ಹೆಂಗಸು. ತಲೆಯ ಹೊಲಿಗೆ ಮಾದ ಗೀರಿನ ಮೇಲೆ ಸ್ಕಾರ್ಫ್ ಕಟ್ಟಿದ್ದರು. ತಮ್ಮನನ್ನು ನೋಡಿ, “ಹೊಸಬರಾ? ಸರೀರಿ, ಜಾಗ ಇದೆ, ಹಿಂದೆ ಹೋಗಿ ಹಿಂದೆ,” ಎಂದು ಬೆಂಚು ತೋರಿಸಿದರು. ಆಪರೇಷನ್ ಆದಮೇಲೆ ತಮ್ಮ ಮೊದಲ ಸಲ ಬಾಯಿ ತುಂಬ ನಕ್ಕ. ಅವರದೂ ಅದೇ ಕಾಯಿಲೆ, ಅದೇ ಎಡಭಾಗ. ತಾವು ಹೋಗುವ ಬಸ್ಸಿನ ನಲವತ್ಮೂರು ಸ್ಟಾಪುಗಳನ್ನು ದಿನಾ ಬೆಳಿಗ್ಗೆ ಎದ್ದಕೂಡಲೇ ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಒಪ್ಪಿಸಿಕೊಳ್ಳುತ್ತಾರಂತೆ. “ಒಂದು ಬಿಟ್ಟುಹೋದ್ರೂ ಡಾಕ್ಟರಿಗೆ ಫೋನ್ ಮಾಡ್ತೀನಿ,” ಎಂದರು. ತಮ್ಮ ಅವರಿಗೆ ಕಂಡಕ್ಟರಮ್ಮ ಎಂದು ಹೆಸರಿಟ್ಟ.

ಮುಂದಿನ ಸೋಮವಾರ ವರದಿ ಬಂತು. ‘ಎರಡು ತೋಳುಗಳ ನಷ್ಟ: ಕಂಡುಬಂದಿಲ್ಲ.’ ಇನ್ನು ಹದಿನಾಲ್ಕು ದಿನಕ್ಕೆ ಕರೆಂಟ್ ಶುರು ಎಂದು ದಿನ ಗೊತ್ತಾಯಿತು.

ನನಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ತಮ್ಮನ ಸ್ಕ್ಯಾನ್ ವರದಿಯಲ್ಲಿ ‘ಗಡ್ಡೆಯ ತುಂಬ ಸುಣ್ಣದ ಕಾಳುಗಳು’ ಎಂದು ಬರೆದಿತ್ತು. ಇಪ್ಪತ್ತೆರಡು ವರ್ಷ ಬ್ಲಾಕ್ ಹೆರೆದ ನನಗೆ ಒಂದು ವಿಷಯ ಗೊತ್ತು: ಸುಣ್ಣ ಕಟ್ಟುವುದು ಸಾಮಾನ್ಯವಾಗಿ ತೋಳು ಕಳೆದುಕೊಂಡ ಜಾತಿಯೇ. ನಾನು ಡಾಕ್ಟರಲ್ಲ, ನಿಜ. ಆದರೆ ನನ್ನ ಚಾಕುವಿಗೆ ತಗುಲಿದಷ್ಟು ಗಡ್ಡೆಗಳು ಯಾವ ಡಾಕ್ಟರ ಕಣ್ಣಿಗೂ ಬಿದ್ದಿಲ್ಲ. ನೆಂಟರ ಸ್ಯಾಂಪಲ್ ಮುಟ್ಟಬಾರದು, ಅದರ ನಂಬರನ್ನೂ ನೋಡಬಾರದು ಎಂಬ ನಿಯಮವಿದೆ. ಅಲ್ಲಿಯವರೆಗೆ ಅದನ್ನು ಪಾಲಿಸಿದ್ದೆ. ಅವತ್ತು ನಿಯಮವನ್ನು ಗಾಳಿಗೆ ತೂರಿ ನಂಬರ್ ಬರೆದುಕೊಂಡು ಜೀನ್ ವಿಭಾಗಕ್ಕೆ ಹೋದೆ.

ಅಲ್ಲಿರುವವಳನ್ನು ಎಲ್ಲರೂ ಚುಕ್ಕಿ ಎನ್ನುತ್ತಾರೆ. ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಚುಕ್ಕಿ ಎಣಿಸುವುದೇ ಅವಳ ಉದ್ಯೋಗ. ಹದಿನೈದು ವರ್ಷದ ಅನುಭವ ಅವಳದು. ವರ್ಣತಂತುವಿನ ಆ ತೋಳು ಇದ್ದರೆ ಕೋಶಕ್ಕೆ ಎರಡು ಕೆಂಪು ಚುಕ್ಕಿ ಹೊಳೆಯುತ್ತವೆ, ಕಳೆದುಹೋಗಿದ್ದರೆ ಒಂದೇ. ಹೋಲಿಸಿ ನೋಡಲು ಪಕ್ಕದಲ್ಲಿ ಹಸಿರು ಚುಕ್ಕಿ.

“ಈ ನಂಬರಿನಲ್ಲಿ ಎಷ್ಟು ಕೆಂಪು ಎಣಿಸ್ದೆ?” ಎಂದು ಕೇಳಿದೆ.

ಅವಳು ತನ್ನ ಪುಸ್ತಕ ತೆರೆದಳು. “ಇದರಲ್ಲಿ ಚುಕ್ಕಿನೇ ಬರ್ಲಿಲ್ಲ ಅಕ್ಕ. ಕೆಂಪೂ ಇಲ್ಲ, ಹಸಿರೂ ಇಲ್ಲ. ಪೂರ್ತಿ ಕತ್ತಲು. ಪರೀಕ್ಷೆನೇ ಆಗಿಲ್ಲ.”

“ಮತ್ತೆ ‘ಕಂಡುಬಂದಿಲ್ಲ’ ಅಂತ ಹೇಗೆ ಬರೆದೆ ಮಾರಾಯ್ತಿ?”

“ಫಾರಂನಲ್ಲಿ ಎರಡೇ ಚೌಕ ಇರೋದು. ‘ಕಂಡುಬಂದಿದೆ’, ‘ಕಂಡುಬಂದಿಲ್ಲ’. ಪರೀಕ್ಷೆ ಆಗ್ಲಿಲ್ಲ ಅನ್ನೋಕೆ ಜಾಗನೇ ಇಲ್ಲ. ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ. ಸಾರ್‌ನ ಕೇಳ್ದೆ. ಎರಡನೇದು ಒತ್ತಿಬಿಡು ಅಂದ್ರು.”

ನನಗೆ ಮೈಯೆಲ್ಲ ಉರಿದುಹೋಯಿತು. ಕತ್ತಲ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಏನೂ ಕಾಣದೆ, ಕುರ್ಚಿ ಇಲ್ಲ ಎಂದು ಬರೆದುಕೊಡುತ್ತಾರೆಯೇ? ಕುರ್ಚಿ ಹೋದರೆ ಹಾಳಾಗಲಿ, ಇದು ಒಬ್ಬ ಮನುಷ್ಯನ ಮಾತು, ನೆನಪು, ಉಳಿ ಹಿಡಿಯುವ ಕೈ. ಒಂದು ಚೌಕ ಕಡಿಮೆಯಾಯಿತೆಂದು ಅದನ್ನೆಲ್ಲ ಕರೆಂಟಿಗೆ ಕೊಡುವುದೇ? ಹೀಗೆಂದು ಚುಕ್ಕಿಯ ಮೇಲೆ ಹರಿಹಾಯ್ದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಡ್ರಾಯರಿನ ತಳದಿಂದ ಮಡಚಿದ ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟಳು.

“ನಾನು ಸುಮ್ನೆ ಕೂತಿಲ್ಲ ಅಕ್ಕ. ಎರಡು ವರ್ಷದಿಂದ ಹೀಗೆ ಕತ್ತಲಾದ ನಂಬರೆಲ್ಲ ಬರೆದಿಟ್ಟಿದ್ದೀನಿ. ನಿಮ್ಮ ತಮ್ಮಂದು ಬಿಟ್ಟು ಹನ್ನೊಂದು. ಎರಡು ಸಲ ಸಾರ್‌ಗೆ ತೋರಿಸ್ದೆ, ನೋಡೋಣ ಅಂದ್ರು. ಇಷ್ಟು ಕತ್ತಲಾಗೋದು ಬ್ಲಾಕ್ ಆಸಿಡ್‌ನಲ್ಲಿ ತುಂಬಾ ಹೊತ್ತು ಇದ್ರೇನೇ. ನಿಮ್ಮ ಕಡೆಯವರು ಯಾರೋ ಮರೀತಿದ್ದಾರೆ.”

ಆಸಿಡ್ ವಿಷಯ ಹೇಳಬೇಕು. ಬ್ಲಾಕಿನಲ್ಲಿ ಸುಣ್ಣವಿದ್ದರೆ ಚಾಕು ಕರಕರ ಎನ್ನುತ್ತದೆ, ಪದರ ಹರಿದು ಚಿಂದಿಯಾಗುತ್ತದೆ. ಆಗ ಒಂದು ಬಟ್ಟಲಿಗೆ ಹತ್ತಿ ಹಾಕಿ, ಅದಕ್ಕೆ ಆಸಿಡ್ ಕುಡಿಸಿ, ಬ್ಲಾಕನ್ನು ಬೋರಲು ಮಲಗಿಸಿದರೆ ಇಪ್ಪತ್ತು ನಿಮಿಷದಲ್ಲಿ ಮೇಲಿನ ಸುಣ್ಣ ಕರಗುತ್ತದೆ. ಆಮೇಲೆ ಚಾಕು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಇಪ್ಪತ್ತು ನಿಮಿಷಕ್ಕೆ ಏನೂ ಆಗುವುದಿಲ್ಲ. ಮರೆತು ಬಿಟ್ಟರೆ ಮಾತ್ರ ಆಸಿಡ್ ಒಳಗಿಳಿದು ಜೀನುಗಳನ್ನೇ ತಿಂದುಹಾಕುತ್ತದೆ. ನೋಡಲು ಪದರ ಚೆಂದವಾಗಿಯೇ ಇರುತ್ತದೆ, ಬರಹ ಅಳಿಸಿಹೋಗಿರುತ್ತದೆ. ಈ ಬಟ್ಟಲಿನ ಉಪಾಯವನ್ನು ಲ್ಯಾಬಿನಲ್ಲಿ ಎಲ್ಲರಿಗೂ ಕಲಿಸಿದವಳು ನಾನೇ. ಯಾವ ಬ್ಲಾಕ್ ಯಾವಾಗ ಒಳಗೆ ಹೋಯಿತು, ಯಾವಾಗ ಹೊರಗೆ ಬಂತು, ಇಟ್ಟವರು ಯಾರು ಎಂದು ಬರೆಯಲು ದಿನದ ಪುಸ್ತಕದಲ್ಲಿ ಗೆರೆ ಎಳೆಸಿದವಳೂ ನಾನೇ.

ಮಂಗಳವಾರ ಬೆಳಿಗ್ಗೆ ಚುಕ್ಕಿಯ ಆ ‘ಸಾರ್’, ಅಂದರೆ ಲ್ಯಾಬಿನ ಮುಖ್ಯಸ್ಥರ ಕೋಣೆಗೆ ನುಗ್ಗಿದೆ. ಅವರಿಗೆ ನಾವಿಟ್ಟ ಹೆಸರು ಫುಲ್‌ಸ್ಟಾಪ್. ಅವರು ಸಹಿ ಹಾಕಿದ ಮೇಲೆ ಆ ಕಾಗದದ ಬಗ್ಗೆ ಯಾರೂ ಮಾತೆತ್ತುವಂತಿಲ್ಲ. ತಮ್ಮನ ಮಾಂಸದಲ್ಲಿ ಎರಡು ಬ್ಲಾಕ್ ಮಾಡಿದ್ದಾರೆ, ಎರಡನೆಯದನ್ನು ಯಾರೂ ಮುಟ್ಟಿಲ್ಲ, ಅದನ್ನು ಹೊರಗಿನ ಲ್ಯಾಬಿಗೆ ಕಳಿಸಿ ಮತ್ತೆ ಪರೀಕ್ಷೆ ಮಾಡಿಸಿ ಎಂದೆ.

“ಹಾಗೆ ಕಳಿಸೋದಕ್ಕಾಗಲ್ಲಮ್ಮ,” ಎಂದರು ಅವರು, ಕನ್ನಡಕ ಒರೆಸಿಕೊಳ್ಳುತ್ತ. “ವರದಿ ಹೋಗಿಯಾಗಿದೆ. ವಾಪಸ್ ತಗೊಳ್ಳೋಕೆ ಲೋಪದ ಚೀಟಿ ಬೇಕು. ಯಾರು, ಯಾವತ್ತು, ಏನು ತಪ್ಪು ಮಾಡಿದ್ರು ಅಂತ ಹೆಸರು ಸಮೇತ. ಮುಂದಿನ ತಿಂಗಳು ತಪಾಸಣೆಯವರು ಬೇರೆ ಬರ್ತಿದ್ದಾರೆ. ಹೆಸರಿಲ್ಲದ ಲೋಪಕ್ಕೆ ನಾನು ಸಹಿ ಹಾಕಲ್ಲ.”

“ಹೆಸರು ತಾನೇ ಬೇಕು? ಹತ್ತು ನಿಮಿಷದಲ್ಲಿ ತಂದು ಈ ಮೇಜಿನ ಮೇಲೆ ಇಡ್ತೀನಿ. ಮೊದಲು ಅವರ ಕೈ ಮುರೀತೀನಿ, ಆಮೇಲೆ ಚೀಟಿ ಬರೀತೀನಿ.”

ದಾಪುಗಾಲು ಹಾಕಿಕೊಂಡು ಲ್ಯಾಬಿಗೆ ಬಂದೆ. “ನನ್ನ ತಮ್ಮನ ಬ್ಲಾಕನ್ನ ಆಸಿಡ್‌ನಲ್ಲಿ ಕೊಳೆ ಹಾಕಿದ ಪುಣ್ಯಾತ್ಮರು ಯಾರು? ಈಗಲೇ ಬಾಯಿ ಬಿಟ್ರೆ ಒಳ್ಳೇದು,” ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ನಾಲ್ಕು ಜನ ನಾಲ್ಕು ಯಂತ್ರದ ಮುಂದೆ ತಲೆಯೆತ್ತದೆ ಕೂತಿದ್ದರು. ಒಬ್ಬಳು ಬ್ಲಾಕೇ ಇಲ್ಲದ ಯಂತ್ರವನ್ನು ತಿರುಗಿಸುತ್ತಿದ್ದಳು. ಇವಳೇ ಇರಬೇಕು ಎಂದುಕೊಂಡೆ. ಪುಸ್ತಕ ಎಳೆದು ಪುಟ ತಿರುವಿದೆ. ಆಪರೇಷನ್ ಆದ ವಾರ, ಶುಕ್ರವಾರ, ತಮ್ಮನ ನಂಬರ್. ಒಳಗೆ ಇಟ್ಟದ್ದು ಮೂರು ನಲವತ್ತಕ್ಕೆ. ಹೊರಗೆ ತೆಗೆದ ಸಮಯದ ಜಾಗ ಖಾಲಿ. ಸಹಿ ನನ್ನದು.

ಆ ಸಹಿಯ ಮೇಲೆ ಬೆರಳಿಟ್ಟು ಮತ್ತೆ ಓದಿದೆ. ಆಮೇಲೆ ಎಲ್ಲ ನೆನಪಾಯಿತು. ಅವತ್ತು ಒಂದು ಬ್ಲಾಕ್ ಕರಕರ ಎಂದಿತ್ತು. ಬಟ್ಟಲಿನಲ್ಲಿ ಬೋರಲು ಹಾಕಿ ಹೆಸರು ಗೀಚಿದೆ. ಅಷ್ಟರಲ್ಲಿ ಫೋನ್ ಬಂತು, ನಾನು ಚಪ್ಪಲಿ ಕೇಳುವ ತಮ್ಮನ ಹತ್ತಿರ ಓಡಿದೆ. ಸೋಮವಾರ ಬೆಳಿಗ್ಗೆ ಬಟ್ಟಲಿನಿಂದ ಅದನ್ನೆತ್ತಿ, ಎಷ್ಟು ಮೆತ್ತಗಾಗಿದೆ ನೋಡು ಎಂದು ಖುಷಿಪಟ್ಟು ಹೆರೆದವಳೂ ನಾನೇ. ಎರಡೂವರೆ ದಿನ ಅವನ ಮೆದುಳಿನ ಚೂರು ಆಸಿಡ್ಡಿನಲ್ಲಿ ಮಲಗಿತ್ತು. ಅವನಿಗೆ ಮಾತು ಬಂದ ಸಂತೋಷಕ್ಕೆ ನಾನು ಅವನ ಮಾತನ್ನೇ ಅಡವಿಟ್ಟಿದ್ದೆ.

ಖಾಲಿ ಯಂತ್ರ ತಿರುಗಿಸುತ್ತಿದ್ದವಳ ಬಳಿ ಹೋಗಿ, “ನಾನೇ ಕಣೆ,” ಎಂದೆ. ಅವಳು, “ಗೊತ್ತಿತ್ತು ಅಕ್ಕ. ಸೋಮವಾರ ನೀವು ಎತ್ತೋದನ್ನ ನೋಡಿದ್ದೆ. ಹೇಳೋಕೆ ಭಯ ಆಯ್ತು,” ಎಂದಳು. ನನಗೆ ಹೆದರಿ ಹೇಳಲಿಲ್ಲವಂತೆ. ಪಟಾಕಿ ಅಕ್ಕನಿಗೆ. ಆ ಹೆಸರಿನ ಜಂಬ ಅವತ್ತಿಗೆ ಇಳಿಯಿತು.

ಪುಸ್ತಕ ತಂದು ಫುಲ್‌ಸ್ಟಾಪ್ ಅವರ ಮೇಜಿನ ಮೇಲಿಟ್ಟೆ. ಚೀಟಿ ಬರೆಯಲು ಕೂತೆ. ತಮ್ಮನ ನಂಬರ್ ಬರೆದೆ, ನನ್ನ ಹೆಸರು ಬರೆದೆ, ಕೆಳಗೆ ಚುಕ್ಕಿಯ ಹಾಳೆ ನೋಡಿಕೊಂಡು ಹನ್ನೊಂದರಲ್ಲಿ ಮೊದಲ ನಂಬರ್ ಬರೆಯುವಷ್ಟರಲ್ಲಿ ಅವರು ಕಾಗದದ ಮೇಲೆ ಬೆರಳಿಟ್ಟರು.

“ಅದು ಬೇಡ. ನಿಮ್ಮ ತಮ್ಮನ ಬ್ಲಾಕ್ ಬಗ್ಗೆ ಮಾತ್ರ ಬರೀರಿ. ಇವತ್ತು ಮಧ್ಯಾಹ್ನವೇ ಕಳಿಸ್ತೀನಿ, ಎಂಟು ದಿನಕ್ಕೆ ಉತ್ತರ ಬರತ್ತೆ. ನಿಮಗೆ ಒಂದು ಎಚ್ಚರಿಕೆ ಪತ್ರ, ಅಲ್ಲಿಗೆ ಮುಗೀತು. ಆ ಹನ್ನೊಂದನ್ನ ಎಳೆದ್ರೆ ಇದು ಸಮಿತಿಗೆ ಹೋಗತ್ತೆ. ಸಮಿತಿ ಸೇರೋದು ತಿಂಗಳಿಗೊಂದು ಸಲ. ಅಲ್ಲೀವರೆಗೆ ಯಾವ ಬ್ಲಾಕೂ ಇಲ್ಲಿಂದ ಅಲ್ಲಾಡಲ್ಲ. ನಿಮ್ಮ ತಮ್ಮನಿಗೆ ಕರೆಂಟ್ ಯಾವತ್ತಿಂದ ಅಂದ್ರಿ?”

“ಹದಿಮೂರು ದಿನಕ್ಕೆ.”

“ಯೋಚನೆ ಮಾಡಿ. ನಾನೇನೂ ಬಲವಂತ ಮಾಡ್ತಿಲ್ಲ.”

ಎಷ್ಟು ನಯವಾಗಿ ಹೇಳಿದರೆಂದರೆ ಕೆನ್ನೆಗೆ ಬಾರಿಸಬೇಕು ಎನಿಸಿತು. ಹನ್ನೊಂದು ಮನೆಗಳಿಗೆ ಸುಳ್ಳು ಹೋಗಿದೆ, ಅದರ ಮೇಲೆ ಕೂತು ಈ ಮನುಷ್ಯ ತಪಾಸಣೆಗೆ ಗೋಡೆಗೆ ಸುಣ್ಣ ಬಳಿಸುತ್ತಿದ್ದಾನೆ. ಬೇರೆ ಯಾರದಾದರೂ ತಮ್ಮನಾಗಿದ್ದರೆ ನಾನು ಆ ಕೋಣೆಯ ಹೆಂಚು ಹಾರಿಸುತ್ತಿದ್ದೆ. ನನ್ನ ತಮ್ಮ. ಹೊಸ ಹಾಳೆ ತೆಗೆದುಕೊಂಡೆ. ಒಂದೇ ನಂಬರ್ ಬರೆದು ಸಹಿ ಹಾಕಿದೆ.

ಸಂಜೆ ಅವನ ಮನೆಗೆ ಹೋದೆ. ಹಿಂದಿನ ಶೆಡ್ಡಿನಲ್ಲಿ ದೊಡ್ಡ ಗರಗಸದ ಯಂತ್ರಕ್ಕೆ ಚಾದರ ಹೊದಿಸಿದ್ದರು, ಫಿಟ್ಸ್ ಬಂದವನು ಅದರ ಹತ್ತಿರ ಸುಳಿಯುವಂತಿಲ್ಲ. ಅವನು ಮೂಲೆಯಲ್ಲಿ ಕೂತು ಒಂದು ಬಾಗಿಲಿಗೆ ಉಪ್ಪುಕಾಗದ ತಿಕ್ಕುತ್ತಿದ್ದ. ನಡೆದದ್ದೆಲ್ಲ ಹೇಳಿದೆ. ಮೂರು ನಲವತ್ತು, ಬಟ್ಟಲು, ಖಾಲಿ ಜಾಗ, ಎಲ್ಲ.

ಅವನು ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಮರದೊಳಗೆ ಮೊಳೆ ಇದ್ರೆ ಗರಗಸ ಮೊದಲೇ ಹೇಳತ್ತೆ ಅಕ್ಕ. ನಿಂಗೂ ಹೇಳಿತ್ತಲ್ಲ.”

“ಹೇಳಿತ್ತು.”

“ನಾನು ಆ ಹೊತ್ತಿನಲ್ಲಿ ಚಪ್ಪಲಿ ಕೇಳಬಾರದಾಗಿತ್ತು, ಬಿಡು,” ಎಂದು ನಕ್ಕ. ನನಗೆ ನಗು ಬರಲಿಲ್ಲ. ಆಮೇಲೆ ಅವನೇ ಕೇಳಿದ, “ಆ ಹನ್ನೊಂದು ಜನ?”

“ನಿಂದು ಬರಲಿ. ಆಮೇಲೆ ನೋಡ್ಕೋತೀನಿ.”

ಅವನ ಕೈ ನಿಂತಿತು. ನನ್ನ ಮುಖ ನೋಡಿದ, ಏನೋ ಹೇಳಲು ಪದ ಹುಡುಕಿದ, ಸಿಗಲಿಲ್ಲವೋ ಬೇಡವೆನಿಸಿತೋ, ಮತ್ತೆ ತಿಕ್ಕತೊಡಗಿದ.

ಮರುದಿನ ಬುಧವಾರ ಮುಖವಾಡ ಸರಿಯಾಗಿ ಕೂರುತ್ತದೆಯೇ ಎಂದು ನೋಡಲು ಕರೆದಿದ್ದರು. ತಮ್ಮ ಒಳಗೆ ಹೋದ. ನಾನು ಬೆಂಚಿನಲ್ಲಿ ಕೂತೆ. ಕಂಡಕ್ಟರಮ್ಮ ಬಂದು ಪಕ್ಕದಲ್ಲಿ ಕೂತರು. “ನಂದು ನಾಳೆಯಿಂದ ಶುರು,” ಎಂದರು. “ಮೂವತ್ತು ದಿನ. ನಂದೂ ನಿಮ್ಮ ತಮ್ಮಂದೂ ಒಂದೇ ವರದಿ ಅಂತೆ, ‘ಕಂಡುಬಂದಿಲ್ಲ’ ಅಂತ. ಕಂಡುಬಂದಿದ್ರೆ ಕಾಯಬಹುದಿತ್ತಂತೆ. ನಮ್ಮ ಹಣೆಬರಹಕ್ಕೆ ಕಾಣಲಿಲ್ಲ ನೋಡಿ.”

ಅವರ ತೊಡೆಯ ಮೇಲೆ ಫೈಲ್ ಇತ್ತು. ಅದರ ಮೇಲೆ ಲ್ಯಾಬಿನ ನಂಬರ್ ದಪ್ಪಗೆ ಬರೆದಿತ್ತು. ಚುಕ್ಕಿಯ ಹಾಳೆ ನನಗೆ ಬಾಯಿಪಾಠವಾಗಿತ್ತು. ಹನ್ನೊಂದರಲ್ಲಿ ಕೊನೆಯ ನಂಬರ್ ಅದು.

ಬಾಯಿ ತೆರೆದೆ. ‘ನಿಮ್ಮ ಪರೀಕ್ಷೆ ಆಗೇ ಇಲ್ಲ, ನಾಳೆ ಹೋಗಬೇಡಿ, ಡಾಕ್ಟರಮ್ಮನ್ನ ಕೇಳಿ.’ ಇಷ್ಟೇ ಹೇಳಬೇಕಿತ್ತು. ಹೇಳಿದರೆ ಅವರು ಆ ಕ್ಷಣವೇ ಡಾಕ್ಟರ ಬಾಗಿಲು ತಟ್ಟುತ್ತಾರೆ, ಡಾಕ್ಟರು ಲ್ಯಾಬಿಗೆ ಫೋನ್ ಮಾಡುತ್ತಾರೆ, ಫುಲ್‌ಸ್ಟಾಪ್ ಹೊರಗೆ ಹೋದ ತಮ್ಮನ ಬ್ಲಾಕನ್ನು ವಾಪಸ್ ತರಿಸುತ್ತಾರೆ. ಹಾಗೇ ಆಗುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಖಂಡಿತ ಹಾಗೇ ಆಗುತ್ತದೆ ಎಂದು ಎನಿಸಿತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಸರದಿ ಸಾಲಿನಲ್ಲಿ, ಕಂಡವರ ಪರವಾಗಿ ಕಂಡಕಂಡವರ ಜೊತೆ ಜಗಳ ಕಾಯುವ ನಾನು, “ಧೈರ್ಯವಾಗಿರಿ,” ಎಂದೆ.

“ಧೈರ್ಯಕ್ಕೇನು, ರಶ್ಶಿನಲ್ಲಿ ಇಪ್ಪತ್ತು ವರ್ಷ ನಿಂತಿದ್ದೀನಿ,” ಎಂದರು ಕಂಡಕ್ಟರಮ್ಮ.

ಆಮೇಲಿನ ದಿನಗಳಲ್ಲಿ ನಾನು ಯಾರಿಗೂ ಬಯ್ಯಲಿಲ್ಲ. ಲ್ಯಾಬಿನವರು ನನಗೆ ಹುಷಾರಿಲ್ಲ ಎಂದುಕೊಂಡರು. ನೆಲಮಾಳಿಗೆಯ ಕಡೆಗೆ ಹೋಗುವ ಮೆಟ್ಟಿಲನ್ನೇ ಬಿಟ್ಟು ಸುತ್ತಿಬಳಸಿ ಓಡಾಡಿದೆ. ಊಟಕ್ಕೆ ಕೂತರೆ ಲೆಕ್ಕ ಬರುತ್ತಿತ್ತು: ಇವತ್ತಿಗೆ ಅವರಿಗೆ ಎರಡು ದಿನ, ಇವತ್ತಿಗೆ ಮೂರು.

ಮುಂದಿನ ಬುಧವಾರ ಸಂಜೆ ತಮ್ಮನ ವರದಿ ಬಂತು. ಎರಡೂ ತೋಳು ಹೋಗಿವೆ. ಡಾಕ್ಟರಮ್ಮ ಕರೆಂಟಿನ ದಿನವನ್ನು ಹೊಡೆದುಹಾಕಿ, ನಾಲ್ಕು ತಿಂಗಳ ಮೇಲೆ ಸ್ಕ್ಯಾನಿಗೆ ಬನ್ನಿ ಎಂದು ಬರೆದರು. ತಮ್ಮನ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, “ನೀವಿಲ್ಲದಿದ್ರೆ ಏನಾಗ್ತಿತ್ತು ಅತ್ತಿಗೆ,” ಎಂದು ಅತ್ತಳು. ನಾನಿಲ್ಲದಿದ್ದರೆ ಇದು ಯಾವುದೂ ಆಗುತ್ತಲೇ ಇರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಿದಳು. ಚಿಕ್ಕಮ್ಮ ಫೋನ್ ಮಾಡಿ, “ನಾನು ಅವತ್ತೇ ಹೇಳಿರಲಿಲ್ವಾ, ಕಡಿಮೆ ದರ್ಜೆದು ಅಂತ,” ಎಂದಳು. ಅವಳಿಗೂ ಬಯ್ಯಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೇ ಲ್ಯಾಬಿಗೆ ಹೋಗಿ ಪತ್ರ ಬರೆದೆ. ಹನ್ನೆರಡು ನಂಬರ್, ಎರಡು ಚೌಕದ ಫಾರಂ, ಎರಡನೆಯದು ಒತ್ತು ಎಂದು ಹೇಳಿದವರ ಹೆಸರು, ಆಸಿಡ್ ಬಟ್ಟಲು ಕಲಿಸಿದವಳ ಹೆಸರು. ಚುಕ್ಕಿ ಬಂದು ತನ್ನ ಸಹಿಯನ್ನೂ ಹಾಕಿದಳು, ನಾನು ಕೇಳಿರಲಿಲ್ಲ. ಒಂದು ಪ್ರತಿ ಆಸ್ಪತ್ರೆಯ ಆಡಳಿತಕ್ಕೆ, ಒಂದು ತಪಾಸಣೆಯವರಿಗೆ, ಒಂದು ಡಾಕ್ಟರಮ್ಮನ ಕೈಗೆ.

ಫುಲ್‌ಸ್ಟಾಪ್ ಪತ್ರ ಓದಿ ಕೆಂಪಾದರು. “ನಮ್ಮ ನಡುವೆ ಒಂದು ಮಾತಾಗಿತ್ತಲ್ಲಮ್ಮ.”

“ಆಗಿತ್ತು ಸಾರ್. ನನ್ನ ಕೆಲಸ ಆಯ್ತು, ಈಗ ಮುರೀತಿದ್ದೀನಿ. ನಿಮ್ಮ ಜೊತೆ ಸೇರಿ ನಾನೂ ನಿಮ್ಮಷ್ಟೇ ಆಗಿದ್ದೀನಿ.”

ಹತ್ತೂವರೆಗೆ ನನ್ನನ್ನು ಅಮಾನತಿನಲ್ಲಿಟ್ಟ ಕಾಗದ ಬಂತು. ಗುರುತಿನ ಚೀಟಿ ಕೊಟ್ಟು, ಬೀರುವಿನಿಂದ ಕೊಡೆ ಮತ್ತು ಊಟದ ಡಬ್ಬಿ ತೆಗೆದುಕೊಂಡು, ನೆಲಮಾಳಿಗೆಯ ಮೆಟ್ಟಿಲು ಇಳಿದೆ.

ಕಂಡಕ್ಟರಮ್ಮ ಬೆಂಚಿನಲ್ಲಿದ್ದರು. ಕೆನ್ನೆಯ ಮೇಲೆ ಬಲೆಯ ಗುರುತು ಚೌಕಚೌಕವಾಗಿ ಮೂಡಿತ್ತು. ಅವತ್ತಿನದು ಮುಗಿದಿತ್ತು, ಆರನೆಯದು. ಡಾಕ್ಟರಮ್ಮ ಕರೆಯುತ್ತಾರಂತೆ, ಯಾಕೋ ಗೊತ್ತಿಲ್ಲ ಎಂದರು. ಎದುರಿಗೆ ನಿಂತುಕೊಂಡೇ ಎಲ್ಲ ಹೇಳಿದೆ. ಕೂರುವ ಧೈರ್ಯ ಬರಲಿಲ್ಲ. ಕತ್ತಲಾದ ಪರೀಕ್ಷೆ, ಎರಡು ಚೌಕ, ಅವರ ನಂಬರ್, ನನ್ನ ತಮ್ಮನ ಬ್ಲಾಕ್, ಎಂಟು ದಿನ. ಅವರ ಎರಡನೇ ಬ್ಲಾಕ್ ಇದೆ, ಡಾಕ್ಟರಮ್ಮ ಇವತ್ತೇ ಕಳಿಸುತ್ತಾರೆ, ಅದು ಬರುವವರೆಗೆ ಕರೆಂಟ್ ನಿಲ್ಲಿಸುವುದೋ ಮುಂದುವರಿಸುವುದೋ ಎಂದು ಅವರೇ ಹೇಳುತ್ತಾರೆ ಎಂದೆ.

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿ ಎಂದು ಆಸೆಯಿತ್ತು. ಅವರು ಸ್ಕಾರ್ಫಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು.

“ನನ್ನ ನಂಬರ್ ನಿಮಗೆ ಯಾವತ್ತು ಗೊತ್ತಾಯ್ತು?”

“ಬುಧವಾರ. ಹೋದ ಬುಧವಾರ.”

“ಇಲ್ಲೇ ಕೂತಿದ್ವಲ್ಲ, ಅವತ್ತಾ?”

“ಹೂಂ.”

“ನಂದು ಶುರುವಾಗಿದ್ದು ಗುರುವಾರ,” ಎಂದು ಬೆರಳು ಮಡಚಿದರು. ಆರು ಬೆರಳು ಮಡಚಿ ಕೈ ಮುಚ್ಚಿಕೊಂಡರು. ಆಮೇಲೆ ನನ್ನನ್ನು ನೋಡಿ, ದನಿ ಏರಿಸದೆ, ಟಿಕೆಟ್ ಕೊಡುವಾಗ ಮಾತಾಡುವ ಹಾಗೆ ಹೇಳಿದರು:

“ಒಂದು ಸ್ಟಾಪ್ ಹಿಂದೆ ಹೇಳಿದ್ರೆ ನಾನು ಇಳೀತಿದ್ದೆನಲ್ಲಮ್ಮ.”

ಒಳಗಿನಿಂದ ಡಾಕ್ಟರಮ್ಮ ಅವರನ್ನು ಕರೆದರು. ಅವರು ಫೈಲ್ ಎತ್ತಿಕೊಂಡು ಹೋದರು. ನಾನು ಊಟದ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.